ಬ್ಲ್ಯಾಕ್ ಸರಿಮಾಡಿದ ಸಾಲನ್ನೇ ಫ್ಲೇಕ್8 ತಪ್ಪು ಅನ್ನುತ್ತಿದೆ, ಏನು ಮಾಡುವುದು?

ಪ್ರಶ್ನೆ
ಹಳೆಯ, ದೊಡ್ಡ ಪೈಥಾನ್ ಪ್ರಾಜೆಕ್ಟ್‌ಗೆ ಬ್ಲ್ಯಾಕ್ (ಕೋಡಿನ ರೂಪ ತಾನೇ ಸರಿಮಾಡುವ ಟೂಲ್), ಫ್ಲೇಕ್8 (ಶೈಲಿ, ದೋಷ ಹುಡುಕಿ ತೋರಿಸುವ ಟೂಲ್) ಎರಡನ್ನೂ ಸೇರಿಸುತ್ತಿದ್ದೇವೆ. ಬ್ಲ್ಯಾಕ್ ಫಾರ್ಮ್ಯಾಟ್ ಮಾಡಿದ ಕಡೆಯಲ್ಲೇ ಫ್ಲೇಕ್8 ಇ501 (ಸಾಲು ತುಂಬಾ ಉದ್ದ), ಇ203 (ಕೋಲನ್, ಕಾಮಾ ಮುಂತಾದವುಗಳ ಮುಂಚೆ ಖಾಲಿ ಜಾಗ) ಎಂಬ ತಪ್ಪುಗಳನ್ನು ತೋರಿಸುತ್ತದೆ. ಕಾನ್ಫಿಗ್‌ನಲ್ಲಿ ‘ಇಗ್ನೋರ್ = ಇ203’ ಹಾಕಿದೆ. ಅದು ನಿಂತಿತು, ಆದರೆ ಮೊದಲು ಇಲ್ಲದ ಡಬ್ಲ್ಯೂ503 ಶುರುವಾಯಿತು. ಇಡೀ ಕೋಡನ್ನು ಒಮ್ಮೆಗೇ ಫಾರ್ಮ್ಯಾಟ್ ಮಾಡಿದರೆ ಗಿಟ್ ಬ್ಲೇಮ್ (ಯಾವ ಸಾಲನ್ನು ಯಾರು, ಯಾವ ಕಮಿಟ್‌ನಲ್ಲಿ ಬದಲಿಸಿದರು ಅನ್ನುವ ಮಾಹಿತಿ) ಹಾಳಾಗುವುದಿಲ್ಲವೇ?

ಉತ್ತರ 1
‘ಇಗ್ನೋರ್’ ಬರೆದ ಕೂಡಲೇ ಫ್ಲೇಕ್8 ತನ್ನ ಡೀಫಾಲ್ಟ್ ಇಗ್ನೋರ್ ಪಟ್ಟಿಯನ್ನು ಕೈಬಿಟ್ಟು ನಿಮ್ಮದನ್ನಷ್ಟೇ ನೋಡುತ್ತದೆ. ಡಬ್ಲ್ಯೂ503, ಡಬ್ಲ್ಯೂ504 ಎರಡೂ ಆ ಪಟ್ಟಿಯಲ್ಲಿದ್ದವು. ಆಪರೇಟರ್ ಹೊಸ ಸಾಲಿನ ಮೊದಲಿಗೆ ಬಂದರೆ 503, ಹಿಂದಿನ ಸಾಲಿನ ಕೊನೆಗೆ ಉಳಿದರೆ 504. ಎರಡೂ ಜಾರಿಯಲ್ಲಿದ್ದರೆ ಹೇಗೆ ಬರೆದರೂ ತಪ್ಪೇ. ‘ಎಕ್ಸ್‌ಟೆಂಡ್-ಇಗ್ನೋರ್ = ಇ203’ ಅಂತ ಬದಲಿಸಿ, ಡೀಫಾಲ್ಟ್ ಪಟ್ಟಿ ಹಾಗೇ ಉಳಿಯುತ್ತದೆ.

ಇ501ಕ್ಕೆ ಕಾರಣ ಸಾಲಿನ ಉದ್ದ: ಬ್ಲ್ಯಾಕ್‌ಗೆ 88 ಅಕ್ಷರ, ಫ್ಲೇಕ್8ಗೆ 79. ‘ಮ್ಯಾಕ್ಸ್-ಲೈನ್-ಲೆಂತ್ = 88’ ಕೊಡಿ. ಆಮೇಲೂ ಕೆಲವು ಉಳಿಯುತ್ತವೆ, ಏಕೆಂದರೆ ಉದ್ದದ ಸ್ಟ್ರಿಂಗ್ ಮತ್ತು ಕಾಮೆಂಟ್‌ಗಳನ್ನು ಬ್ಲ್ಯಾಕ್ ಡೀಫಾಲ್ಟಾಗಿ ಮುರಿಯುವುದಿಲ್ಲ. ಅವನ್ನು ಕೈಯಾರೆ ಒಡೆಯಬೇಕು. ಯುಆರ್‌ಎಲ್ ಇದ್ದ ಸಾಲಿಗೆ ಮಾತ್ರ ‘ನೋಕ್ಯೂಎ: ಇ501’ ಎಂಬ ಕಾಮೆಂಟ್ ಹಾಕಿ (ಆ ಸಾಲಿನ ಇ501 ಬಿಟ್ಟುಬಿಡು ಎಂದರ್ಥ), ಬರೀ ‘ನೋಕ್ಯೂಎ’ ಬೇಡ, ಅದು ಆ ಸಾಲಿನ ನಿಜವಾದ ದೋಷಗಳನ್ನೂ ಮುಚ್ಚಿಬಿಡುತ್ತದೆ.

ಇನ್ನೊಂದು: ಫ್ಲೇಕ್8 ತಾನಾಗಿ ಪೈಪ್ರಾಜೆಕ್ಟ್ ಟಾಮ್ಲ್ ಓದುವುದಿಲ್ಲ. ಸೆಟ್ಟಿಂಗ್ ಡಾಟ್-ಫ್ಲೇಕ್8 ಫೈಲಿನಲ್ಲೋ ಸೆಟಪ್ ಸಿಎಫ್‌ಜಿಯಲ್ಲೋ ಇರಲಿ.

ಉತ್ತರ 2
ಬ್ಲೇಮ್ ವಿಷಯ. ಫಾರ್ಮ್ಯಾಟಿಂಗ್ ಒಂದು ಪ್ರತ್ಯೇಕ ಕಮಿಟ್ ಆಗಿರಲಿ, ಅದರಲ್ಲಿ ಬೇರೆ ಯಾವ ಬದಲಾವಣೆಯೂ ಬೇಡ. ಆ ಕಮಿಟ್‌ನ ಪೂರ್ತಿ 40 ಅಕ್ಷರದ ಹ್ಯಾಶನ್ನು (ಕಮಿಟ್‌ನ ಗುರುತು) ‘ಡಾಟ್-ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್’ ಫೈಲಿಗೆ ಬರೆದು, ಗಿಟ್ ಕಾನ್ಫಿಗ್‌ನಲ್ಲಿ ‘ಬ್ಲೇಮ್.ಇಗ್ನೋರ್‌ರೆವ್ಸ್‌ಫೈಲ್’ಗೆ ಆ ಫೈಲಿನ ಹೆಸರು ಕೊಡಿ, ಆಗ ಬ್ಲೇಮ್ ಆ ಕಮಿಟನ್ನು ಬಿಟ್ಟು ನೋಡುತ್ತದೆ. ಗಿಟ್ 2.23 ಅಥವಾ ನಂತರದ್ದು ಬೇಕು. ಎಲ್ಲರೂ ಎಡವುವ ಜಾಗ ಇದು: ಸ್ಕ್ವಾಶ್ ಅಥವಾ ರೀಬೇಸ್ ಮಾಡಿ ಮರ್ಜ್ ಮಾಡಿದರೆ ಹ್ಯಾಶ್ ಬದಲಾಗುತ್ತದೆ. ಹಾಗಾಗಿ ಮೇನ್ ಬ್ರ್ಯಾಂಚ್‌ಗೆ ಸೇರಿದ ಮೇಲೆ ಅಲ್ಲಿನ ಹ್ಯಾಶನ್ನೇ ಬರೆಯಿರಿ.

ಪ್ರಶ್ನೆ ಕೇಳಿದವರು
ಧನ್ಯವಾದ, 503 ನಿಂತಿತು. ಮರ್ಜ್ ಆಗದೆ ಉಳಿದ ಬ್ರ್ಯಾಂಚ್‌ಗಳ ಗತಿ?

ಉತ್ತರ 2
ಆದಷ್ಟನ್ನು ಮೊದಲೇ ಮರ್ಜ್ ಮಾಡಿ. ಉಳಿದ ಬ್ರ್ಯಾಂಚ್‌ಗೆ ಫಾರ್ಮ್ಯಾಟಿಂಗ್‌ಗೆ ಹಿಂದಿನ ಕಮಿಟ್ ಮರ್ಜ್ ಮಾಡಿ, ಅದೇ ಆವೃತ್ತಿಯ ಬ್ಲ್ಯಾಕ್ ಓಡಿಸಿ ಕಮಿಟ್ ಮಾಡಿ. ಬಳಿಕ ಫಾರ್ಮ್ಯಾಟಿಂಗ್ ಕಮಿಟನ್ನು ‘-ಎಸ್ ಅವರ್ಸ್’ (ನಮ್ಮ ಕಡೆಯದನ್ನೇ ಹಾಗೇ ಉಳಿಸು) ಕೊಟ್ಟು ಮರ್ಜ್ ಮಾಡಿ, ಕೊನೆಗೆ ಮೇನ್. ‘-ಎಸ್ ಅವರ್ಸ್’ ಆ ಒಂದೇ ಕಮಿಟ್‌ಗೆ; ನೇರ ಮೇನ್‌ಗೆ ಬಳಸಿದರೆ ಉಳಿದವರ ಕೆಲಸವೆಲ್ಲ ಸದ್ದಿಲ್ಲದೆ ಅಳಿದುಹೋಗುತ್ತದೆ.

ಉತ್ತರ 1
ಪ್ರಿ-ಕಮಿಟ್ (ಕಮಿಟ್‌ಗೆ ಮುನ್ನ ತಪಾಸಣೆಗಳನ್ನು ಹುಕ್ ಆಗಿ ಓಡಿಸುವ ಟೂಲ್) ಕಾನ್ಫಿಗ್‌ನ ‘ರೆವ್’ನಲ್ಲಿ ಬ್ಲ್ಯಾಕ್‌ನ ಆವೃತ್ತಿಯನ್ನು ಕಟ್ಟಿಹಾಕಿ. ಇಲ್ಲದಿದ್ದರೆ ಒಬ್ಬೊಬ್ಬರ ಯಂತ್ರದಲ್ಲೂ ಒಂದೊಂದು ರೂಪ ಬಂದು ಅದೇ ಫೈಲ್ ಹಿಂದೆ ಮುಂದೆ ಬದಲಾಗುತ್ತಿರುತ್ತದೆ. ಹುಕ್ ಸ್ಟೇಜ್ ಆದ ಫೈಲ್‌ಗಳನ್ನಷ್ಟೇ ನೋಡುತ್ತದೆ, ‘ನೋ-ವೆರಿಫೈ’ ಕೊಟ್ಟು ಅದನ್ನು ದಾಟಲೂಬಹುದು. ಆದ್ದರಿಂದ ಸಿಐನಲ್ಲಿ (ಕೋಡ್ ಕಳಿಸಿದಾಗ ಸರ್ವರ್‌ನಲ್ಲಿ ತಾನಾಗಿ ನಡೆಯುವ ತಪಾಸಣೆ) ‘ಪ್ರಿ-ಕಮಿಟ್ ರನ್ --ಆಲ್-ಫೈಲ್ಸ್’ ಇರಲೇಬೇಕು.