ಟ್ರ್ಯಾಕ್, ರೂಟ್, ಬೇರಿಂಗ್: ಇವಕ್ಕೆಲ್ಲ ಏನಂತೀರಿ?

ಎಲ್ರಿಗೂ ನಮಸ್ಕಾರ. ರಸ್ತೆನೇ ಇಲ್ಲದ ಕಡೆ ಜೀಪ್ ಓಡಿಸೋ ಹುಚ್ಚಿರೋ ಗೆಳೆಯರೊಬ್ರು ಯಾವ ಥರದ ಜಿಪಿಎಸ್ ಡಿವೈಸ್ ತಗೊಳ್ಳಿ ಅಂತ ಕೇಳಿದ್ರು, ಕನ್ನಡದಲ್ಲೇ ಒಂದು ಪುಟ ಬರ್ಕೊಡೋಣ ಅಂತ ಕೂತೋನು ಸರಿಯಾದ ಕನ್ನಡ ಪದ ಸಿಗದೆ ನಾಲ್ಕನೇ ಸಾಲಿಗೇ ಸಿಕ್ಕಾಕ್ಕೊಂಡೆ.

ರೂಟ್, ಟ್ರ್ಯಾಕ್ ಎರಡಕ್ಕೂ "ಮಾರ್ಗ" ಅಂತ ಬರೆದಿದ್ದೆ. ತಿರುಗಿ ಓದಿದ್ರೆ ಪೂರ್ತಿ ಅನರ್ಥ. ರೂಟ್ ಅಂದ್ರೆ ನಾವು ನಾಲ್ಕೈದು ಜಾಗ ಹೇಳಿಬಿಡೋದು, ನಡುವಿನ ದಾರಿನ ಡಿವೈಸು ತನ್ನ ಮ್ಯಾಪ್ ನೋಡಿ ತಾನೇ ಹುಡುಕ್ಕೊಳ್ಳುತ್ತೆ. ಟ್ರ್ಯಾಕ್ ಹಾಗಲ್ಲ, ಯಾವ್ದೋ ಗಾಡಿ ಆಗ್ಲೇ ಹೋಗಿ ಬಂದಿರೋದು, ಹೋದಲ್ಲೆಲ್ಲ ಚುಕ್ಕೆ ಚುಕ್ಕೆ ಇಟ್ಟಂಗೆ ದಾಖಲಾಗಿರುತ್ತೆ. ದಾರಿ ವಿವರ ಇಟ್ಟು ಡಿವೈಸಿಗೆ ಹಾಕೋ ಜಿಪಿಎಕ್ಸ್ ಫೈಲ್ ಒಳಗೂ ಎರಡಕ್ಕೂ ಬೇರೆ ಬೇರೆ ಮನೆ. ಮರಳಲ್ಲಿ ಹೋಗೋನಿಗೆ ಬರೀ ರೂಟ್ ಕೊಟ್ರೆ, ಮ್ಯಾಪಲ್ಲಿ ದಾರಿ ಇಲ್ಲ ಅಂತ ಅದು ಸುತ್ತಿ ಬಳಸಿ ಟಾರು ರಸ್ತೆಗೇ ತಂದು ಬಿಡಬಹುದು, ಇಲ್ಲಾಂದ್ರೆ ನೆಟ್ಟಗೆ ಗೆರೆ ಎಳೆದು ಹಳ್ಳಕ್ಕೆ ಇಳಿ ಅನ್ನಬಹುದು. ಅದಕ್ಕೇ ಕೊಳ್ಳೋವಾಗ ಮೊದ್ಲು ಕೇಳಬೇಕಾದ್ದು, ಹಾಕಿಕೊಟ್ಟ ಟ್ರ್ಯಾಕನ್ನ ಇದು ಇದ್ದಂಗೇ ತೋರಿಸುತ್ತಾ, ಇಲ್ಲ ರೂಟ್ ಮಾಡ್ಕೊಂಡು ತನ್ನಿಷ್ಟಕ್ಕೆ ತಿದ್ದುತ್ತಾ ಅಂತ. ನನಗೇನೋ ಟ್ರ್ಯಾಕಿಗೆ "ಜಾಡು" ಸರಿ ಅನ್ಸುತ್ತೆ, ಜಾಡು ಹಿಡಿದು ಹೋಗೋದು ನಮ್ಮಲ್ಲಿ ಇದ್ದೇ ಇದೆಯಲ್ಲ. "ಮಾರ್ಗ"ವನ್ನ ರೂಟಿಗೆ ಮಾತ್ರ ಇಟ್ಕೊಂಡ್ರೆ ಆಗುತ್ತಾ?

ಇನ್ನು ಹೆಡಿಂಗ್ (ಗಾಡಿ ಮುಖ ಮಾಡಿರೋ ಕಡೆ), ಬೇರಿಂಗ್ (ನಾವಿರೋ ಜಾಗದಿಂದ ಗುರಿ ಇರೋ ಕಡೆ). ಎರಡೂ "ದಿಕ್ಕು" ಆಗ್ಬಿಡ್ತು. ಗಾಡಿ ಮೂತಿ ಉತ್ತರಕ್ಕಿದೆ, ಹೋಗ್ಬೇಕಾದ ಗುಡ್ಡ ಈಶಾನ್ಯಕ್ಕಿದೆ ಅಂದ್ಕೊಳ್ಳಿ, ಉತ್ತರದಿಂದ ಎಣಿಸಿದ್ರೆ ಹೆಡಿಂಗ್ 0 ಡಿಗ್ರಿ, ಬೇರಿಂಗ್ 45. ಬೇರಿಂಗ್ ಅಂತಲೇ ಬಿಡೋಣ ಅಂದ್ರೆ, ಗಾಡಿ ಜನಕ್ಕೆ ಬೇರಿಂಗ್ ಅಂದ್ರೆ ಚಕ್ರದ್ದು, "ಬೇರಿಂಗ್ ತಪ್ಪಿದೆ" ಅಂತ ಬರೆದ್ರೆ ಜಾಕ್ ಹಾಕಿ ಚಕ್ರ ಬಿಚ್ಚಕ್ಕೆ ಕೂರ್ತಾರೆ! "ಮೂತಿದಿಕ್ಕು", "ಗುರಿದಿಕ್ಕು" ಅಂತ ನಾನೇ ಹೊಸೆದಿದ್ದೀನಿ, ಮೂತಿ ಅಂದಿದ್ದಕ್ಕೆ ನಗಬೇಡಿ. ಈ ಭೇದ ಬೇಕೇ ಬೇಕು, ಯಾಕಂದ್ರೆ ಗಾಡಿ ನಿಂತಿದ್ದಾಗ ಮಾಮೂಲಿ ಜಿಪಿಎಸ್ಸಿಗೆ ಗುರಿ ಯಾವ ಕಡೆ ಅಂತ ಗೊತ್ತು, ಮೂತಿ ಯಾವ ಕಡೆ ಅಂತ ಗೊತ್ತಾಗಲ್ಲ, ಒಂದಿಷ್ಟು ದೂರ ಮುಂದಕ್ಕೆ ಹೋದ್ರೇ ತಿಳಿಯೋದು. ದಿಕ್ಸೂಚಿ ಇರೋ ಡಿವೈಸ್ ಆದ್ರೆ ನಿಂತಲ್ಲೇ ಹೇಳುತ್ತೆ, ಆದ್ರೆ ಗಾಡಿಯೊಳಗಿನ ಕಬ್ಬಿಣ ಅದನ್ನೂ ದಾರಿ ತಪ್ಪಿಸುತ್ತೆ.

ಡಿಗ್ರಿಯ ಮಿನಿಟಿಗೆ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) "ನಿಮಿಷ" ಅಂದ್ರೆ ಗಡಿಯಾರದ್ದು ಅಂದ್ಕೋತಾರೆ, ಪಂಚಾಂಗದವರ "ಕಲೆ" ಯಾರಿಗೂ ನೆನಪಿಲ್ಲ. ಹೇಗೂ ಸ್ಪಷ್ಟವಾಗಿ ಬರೀಲೇಬೇಕು, 24.50 ಡಿಗ್ರಿನ ಬಾಯಲ್ಲಿ "ಇಪ್ಪತ್ನಾಲ್ಕು ಐವತ್ತು" ಅಂದು, ಕೇಳಿಸ್ಕೊಂಡೋರು 24 ಡಿಗ್ರಿ 50 ಮಿನಿಟ್ ಅಂತ ಒತ್ತಿದ್ರೆ ಅಕ್ಷಾಂಶದಲ್ಲಿ ಸುಮಾರು 37 ಕಿಲೋಮೀಟರ್ ಆಚೆ ಹೋಗಿರ್ತಾರೆ.

ಕೊನೇದಾಗಿ ಆಫ್‌ರೋಡ್. "ಅಡ್ಡದಾರಿ" ಅಂತ ಬರೆದು ಕಳಿಸಿದ್ದೆ, ಅವರ ಮನೆಯವರು ಓದಿ "ಇವರು ಯಾವಾಗ ಹಿಡಿದ್ರು" ಅಂತ ಕೇಳಿದ್ರಂತೆ. ಬೇರೆ ಏನಾದ್ರೂ ಇದ್ರೆ ಬೇಗ ಹೇಳಿ.