‘ಗುಪ್ತರೋಗ’, ‘ಬಿಳಿ ಸೆರಗು’, ‘ಸಂಪರ್ಕ’: ಆಶಾ ಕಾರ್ಯಕರ್ತೆಯರ ಕೈಪಿಡಿಗೆ ಯಾವ ಪದ?

ಪದಗಳ ಬಗ್ಗೆ ಆಸ್ಥೆಯುಳ್ಳ ಎಲ್ಲರಿಗೂ ನಮಸ್ಕಾರ.

ಆಶಾ ಕಾರ್ಯಕರ್ತೆಯರಿಗೂ ಉಪಕೇಂದ್ರಗಳ ಸಿಸ್ಟರ್‌ಗಳಿಗೂ ಉಪಯೋಗವಾಗುವಂತಹ ಒಂದು ಸಣ್ಣ ಕೈಪಿಡಿಯನ್ನು ಕನ್ನಡದಲ್ಲಿ ಸಿದ್ಧಪಡಿಸುವ ಕೆಲಸ ಕೆಲವು ತಿಂಗಳಿನಿಂದ ನನ್ನ ಪಾಲಿಗೆ ಬಂದಿದೆ. ಬಿಳಿ ಹೋಗುವುದು, ಲೈಂಗಿಕವಾಗಿ ಹರಡುವ ಸೋಂಕುಗಳು, ಎಚ್‌ಐವಿ, ಕಾಂಡೋಮ್ ಬಳಕೆ ಮುಂತಾದ, ಜನರು ಬಾಯಿಬಿಟ್ಟು ಆಡಲು ಹಿಂಜರಿಯುವ ಸಂಗತಿಗಳನ್ನು ಮನೆಬಾಗಿಲಿಗೆ ಹೋದ ಕಾರ್ಯಕರ್ತೆಯು ಹೇಗೆ ಎತ್ತಿಕೊಳ್ಳಬೇಕು ಎಂಬುದು ಅದರ ವಿಷಯ. ವೈದ್ಯಕೀಯ ವಿವರಗಳಲ್ಲಿ ನನಗೆ ತೊಡಕಾಗಲಿಲ್ಲ, ಅವನ್ನು ವೈದ್ಯರು ತಿದ್ದಿಕೊಟ್ಟಿದ್ದಾರೆ. ತೊಡಕಾದದ್ದು ಪದಗಳಲ್ಲಿ. ಕರಡನ್ನು ಕೊಪ್ಪಳದ ಕಡೆಯ ಮತ್ತು ಚಾಮರಾಜನಗರದ ಕಡೆಯ ಕೆಲವು ಕಾರ್ಯಕರ್ತೆಯರ ಮುಂದೆ ಗಟ್ಟಿಯಾಗಿ ಓದಿದಾಗ ಎರಡು ಕಡೆಯೂ ನಗು, ಮುಜುಗರ, ಕೊನೆಗೆ ಮೌನ ಬಂದದ್ದು ಬಹುಮಟ್ಟಿಗೆ ಒಂದೇ ಪದಗಳ ಬಳಿಯಲ್ಲಿ. ಆದ್ದರಿಂದ ಈ ಪ್ರಶ್ನೆಗಳನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲನೆಯದು ‘ಗುಪ್ತರೋಗ’. ಬಸ್ ನಿಲ್ದಾಣದ ಗೋಡೆಗಳ ಮೇಲೂ ಮೂತ್ರಾಲಯಗಳ ಒಳಗೂ ದಶಕಗಳಿಂದ ಕಾಣುತ್ತ ಬಂದಿರುವ ಈ ಪದ ಎಲ್ಲರಿಗೂ ಗೊತ್ತು. ಗೊತ್ತಿರುವ ಪದವನ್ನೇ ಬಳಸೋಣ ಎಂಬ ಸಲಹೆಯೂ ಬಂದಿದೆ. ನನ್ನ ಆಕ್ಷೇಪಣೆ ಎರಡು. ರೋಗದ ಹೆಸರಿನಲ್ಲಿಯೇ ‘ಇದನ್ನು ಮುಚ್ಚಿಡು’ ಎಂಬ ಆಜ್ಞೆ ಅಡಗಿರುವಾಗ, ಅದೇ ಹೆಸರನ್ನು ಹಿಡಿದುಕೊಂಡು ‘ಮುಚ್ಚಿಡಬೇಡಿ, ಬಂದು ಹೇಳಿ’ ಎಂದು ಕರೆಯುವುದು ಹೇಗೆ? ಎರಡನೆಯದಾಗಿ, ಗೋಡೆಬರಹದ ಗುಪ್ತರೋಗ ಎಂಬ ಚೀಲದಲ್ಲಿ ಸೋಂಕುಗಳಷ್ಟೇ ಇಲ್ಲ. ನಿಮಿರುವಿಕೆಯ ತೊಂದರೆ, ಸ್ವಪ್ನಸ್ಖಲನದ ಭಯ, ‘ಧಾತು ಹೋಗುತ್ತಿದೆ’ ಎಂಬ ಕೊರಗು, ಎಲ್ಲವೂ ಇವೆ. ಈ ‘ಧಾತು’ವಿನ ಕಥೆಯೂ ಕುತೂಹಲದ್ದು. ಆಯುರ್ವೇದದ ಏಳು ಧಾತುಗಳಲ್ಲಿ ಶುಕ್ರ ಕೊನೆಯದು. ಆಡುಮಾತಿನಲ್ಲಿ ಧಾತು ಎಂದರೆ ಅದೊಂದೇ ಆಗಿ ಉಳಿದಿದೆ. ವೀರ್ಯ ನಷ್ಟವಾಗುತ್ತಿದೆ ಎಂಬ ಆತಂಕದಿಂದ ಸುಸ್ತು, ನಿದ್ರೆಗೇಡು, ಖಿನ್ನತೆಗಳಿಗೆ ಒಳಗಾಗುವ ಗಂಡಸರ ಸ್ಥಿತಿಯನ್ನು ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಸಿದರು. ಅಲ್ಲಿ ಬೇಕಾದದ್ದು ಧೈರ್ಯದ ಮಾತು, ಪ್ರತಿಜೈವಿಕ ಮಾತ್ರೆಯಲ್ಲ. ಎರಡನ್ನೂ ಒಂದೇ ಪದದಲ್ಲಿ ಕಟ್ಟಿದರೆ ಇಬ್ಬರು ರೋಗಿಗಳೂ ತಪ್ಪು ಬಾಗಿಲಿಗೆ ಹೋಗುತ್ತಾರೆ.

ಗುಪ್ತರೋಗಕ್ಕಿಂತ ಹಳೆಯ ಕೆಲವು ಪದಗಳಿವೆ. ‘ಪರಂಗಿ ಹುಣ್ಣು’ (ಸಿಫಿಲಿಸ್) ಎಂಬುದರಲ್ಲಿ ರೋಗವನ್ನು ಹೊರಗಿನವರ, ಅಂದರೆ ಯುರೋಪಿನಿಂದ ಬಂದ ಪರಂಗಿಯವರ, ತಲೆಗೆ ಕಟ್ಟಲಾಗಿದೆ. ಹದಿನಾರನೆಯ ಶತಮಾನದ ಆಯುರ್ವೇದ ಪಂಡಿತ ಭಾವಮಿಶ್ರನ ಗ್ರಂಥದಲ್ಲಿ ಬರುವ ‘ಫಿರಂಗ ರೋಗ’ವೂ ಅದೇ ಬಗೆಯದು. ಹುಣ್ಣಿನ ಹೆಸರು ಮರೆತುಹೋದರೂ ಅದಕ್ಕೆ ಕೊಡುತ್ತಿದ್ದ ಪರಂಗಿ ಚಕ್ಕೆ ಗ್ರಂದಿಗೆ ಅಂಗಡಿಗಳಲ್ಲಿ ಇಂದಿಗೂ ಸಿಗುತ್ತದೆ. ‘ರತಿರೋಗ’, ‘ಗುಹ್ಯರೋಗ’ ಎಂಬವು ಪುಸ್ತಕಗಳಲ್ಲಿವೆ, ಬಾಯಲ್ಲಿ ಇಲ್ಲ. ‘ಲೈಂಗಿಕವಾಗಿ ಹರಡುವ ಸೋಂಕು’ ಎಂಬುದು ಸರ್ಕಾರಿ ಕಾಗದಗಳಲ್ಲಿ ನೆಲೆಯೂರಿದೆ. ಅದು ಖಚಿತವಾದ ಪದವೇ ಹೌದು. ಆದರೆ ಲಿಂಗವೆಂದರೆ ಕೊರಳಲ್ಲಿ ಧರಿಸುವುದು, ಅಂಗೈಯಲ್ಲಿಟ್ಟು ಪೂಜಿಸುವುದು ಎಂಬ ಅರ್ಥವೇ ಮೊದಲು ಹೊಳೆಯುವ ಮನೆಗಳಲ್ಲಿ ‘ಲೈಂಗಿಕ’ ಎಂಬ ಶಬ್ದವನ್ನು ಉಚ್ಚರಿಸಲು ತಮಗೆ ಇನ್ನಷ್ಟು ಸಂಕೋಚವಾಗುತ್ತದೆ ಎಂದು ಉತ್ತರ ಕರ್ನಾಟಕದ ಕಾರ್ಯಕರ್ತೆಯೊಬ್ಬರು ಹೇಳಿದರು. ಇನ್ನೊಂದು ಪ್ರಮಾದ ನನ್ನದೇ. ಕರಡಿನಲ್ಲಿ ‘ಲೈಂಗಿಕ ಆರೋಗ್ಯ ಕಾರ್ಯಕರ್ತೆ’ ಎಂದು ಬರೆದಿದ್ದೆ. ‘ಸರ್, ನಡುವಿನ ಆರೋಗ್ಯ ಯಾರ ಕಿವಿಗೂ ಬೀಳುವುದಿಲ್ಲ, ಹಿಂದಿನದೂ ಮುಂದಿನದೂ ಮಾತ್ರ ಬೀಳುತ್ತವೆ’ ಎಂದು ಅವರು ಅದನ್ನು ಹೊಡೆದುಹಾಕಿಸಿದರು. ಅದೇ ಪುಟದಲ್ಲಿ, ಸೇವೆ ಪಡೆಯುವವರನ್ನು ‘ಗ್ರಾಹಕರು’ ಎಂದು ಕರೆದಿದ್ದೆ. ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರ ನಡುವೆ ಕೆಲಸ ಮಾಡಿದವರಿಗೆ ಗ್ರಾಹಕ, ಗಿರಾಕಿ ಎಂದರೆ ಯಾರು ಎಂಬುದನ್ನು ವಿವರಿಸಬೇಕಾಗಿಲ್ಲ. ‘ಫಲಾನುಭವಿ’ ಎಂದರೆ ಯೋಜನೆಯ ಹಣ ಬಂತೇ ಎಂದು ಕೇಳುತ್ತಾರೆ. ಕಾರ್ಯಕರ್ತೆಯರು ತಮ್ಮೊಳಗೆ ‘ನಮ್ಮ ತಾಯಂದಿರು’ ಎನ್ನುತ್ತಾರೆ. ಅದು ಅಕ್ಕರೆಯ ಮಾತು, ಆದರೆ ಮದುವೆಯಾಗದ ಹುಡುಗಿಯೂ ಗಂಡಸರೂ ಅದರ ಹೊರಗೆ ಉಳಿದುಬಿಡುತ್ತಾರೆ. ಇಲ್ಲಿಗೆ ಹೊಂದುವ ಪದ ನನಗೆ ಇನ್ನೂ ಸಿಕ್ಕಿಲ್ಲ.

ಹೆಚ್ಚು ಚರ್ಚೆಯಾಗಬೇಕಾದದ್ದು ‘ಬಿಳಿ ಸೆರಗು’ ಎಂಬ ಪದದ ಬಗ್ಗೆ. ‘ಬಿಳುಪು ಹೋಗುವುದು’, ‘ಬಿಳಿ ಮುಟ್ಟು’, ವೈದ್ಯಗ್ರಂಥಗಳ ‘ಶ್ವೇತಪ್ರದರ’, ಪೇಟೆಯ ‘ವೈಟ್ ಡಿಸ್ಚಾರ್ಜ್’, ಇವೆಲ್ಲವುಗಳ ನಡುವೆ ಬಿಳಿ ಸೆರಗು ಒಳ್ಳೆಯ ಕನ್ನಡ, ಕಿವಿಗೆ ಹಿತ, ಹೇಳುವವಳಿಗೆ ಮುಜುಗರವಿಲ್ಲ. ಆದರೆ ಸ್ರಾವಕ್ಕೆ ಸೆರಗು ಎಂಬ ಹೆಸರು ಬಂದದ್ದು ಹೇಗೆ? ಸೀರೆಯ ಅಂಚಿಗೆ ಹತ್ತುವ ಕಲೆಯಿಂದ ಬಂದಿರಬಹುದು ಎಂದು ಸುಮ್ಮನೆ ಊಹಿಸಬಹುದು. ಹಳಗನ್ನಡದ ‘ಸೆರಗು ಬೆರಗು’ ಜೋಡಿಯಲ್ಲಿ ಸೆರಗು ಎಂದರೆ ಅಂಜಿಕೆ; ಅದಕ್ಕೂ ಇದಕ್ಕೂ ನಂಟು ಕಲ್ಪಿಸುವುದು ನನಗೆ ದೂರದ ಮಾತಾಗಿ ತೋರುತ್ತದೆ. ‘ಸೆರಗೊಡ್ಡಿ ಬೇಡುವುದು’, ‘ಸೆರಗು ಹಾಸುವುದು’ ಮೊದಲಾದ ನುಡಿಗಟ್ಟುಗಳಲ್ಲಿ ಸೆರಗು ಹೆಣ್ಣಿನ ಮಾನಕ್ಕೆ ಅಂಟಿಕೊಂಡಿರುವುದರಿಂದ, ದೇಹದ ಒಂದು ಸ್ರಾವವೂ ಮಾನದ ಲೆಕ್ಕಕ್ಕೆ ಜಮೆಯಾಗಿದೆಯೇ ಎಂಬ ಅನುಮಾನವಂತೂ ನನಗಿದೆ. ‘ಮಾನ’ ಎಂಬ ಪದವನ್ನೇ ನೋಡಿ: ‘ಮಾನ ಮುಚ್ಚಿಕೊಳ್ಳಲು ಒಂದು ಬಟ್ಟೆ’ ಎನ್ನುವಾಗ ಗೌರವ ಯಾವುದು, ಅಂಗ ಯಾವುದು ಎಂದು ಬಿಡಿಸಿ ಹೇಳಲಾಗದು. ಅಂಗಕ್ಕೇ ಮರ್ಯಾದೆಯ ಹೆಸರಿರುವಾಗ ಅಂಗದ ಕಾಯಿಲೆಗೆ ಅವಮರ್ಯಾದೆಯ ಹೆಸರು ಬರುವುದು ಸಹಜವೇ.

ವ್ಯುತ್ಪತ್ತಿಗಿಂತ ಮುಖ್ಯವಾದ ಕಷ್ಟ ಬೇರೆ ಇದೆ. ಹೆಣ್ಣಿನ ದೇಹದಲ್ಲಿ ಸ್ವಲ್ಪ ಸ್ರಾವ ಸಹಜ. ಎರಡು ಮುಟ್ಟುಗಳ ನಡುವಿನ ದಿನಗಳಲ್ಲಿ ಅದು ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಎಳೆದರೆ ಎಳೆಯಾಗುವಂತೆ ಇರುತ್ತದೆ. ಒಡೆದ ಹಾಲಿನ ಗೆಡ್ಡೆಯಂತಿದ್ದು ತುರಿಕೆ ಇದ್ದರೆ ಶಿಲೀಂಧ್ರದ ಸೋಂಕಿರಬಹುದು. ಹಳದಿ ಹಸಿರಾಗಿ ನೊರೆನೊರೆಯಾಗಿದ್ದರೆ ಸಂಭೋಗದಿಂದ ಹರಡುವ ಟ್ರೈಕೊಮೊನಾಸ್ ಸೋಂಕಿರಬಹುದು. ತೆಳ್ಳಗಿದ್ದು ಮೀನಿನಂತಹ ವಾಸನೆ ಬಂದರೆ, ಯೋನಿಯಲ್ಲಿ ಸಹಜವಾಗಿಯೇ ಇರುವ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿರಬಹುದು. ಇವೆಲ್ಲಕ್ಕೂ ನಮ್ಮ ಹೆಣ್ಣುಮಕ್ಕಳು ‘ಬಿಳಿ ಸೆರಗು’ ಎಂಬ ಒಂದೇ ಹೆಸರು ಹೇಳುತ್ತಾರೆ, ಕಾರಣವನ್ನು ಕೇಳಿದರೆ ‘ಉಷ್ಣ’ ಎಂಬ ಒಂದೇ ಕಾರಣ ಹೇಳುತ್ತಾರೆ. ಕಾರ್ಯಕರ್ತೆಯೂ ಅದೇ ಹೆಸರನ್ನು ಬರೆದುಕೊಂಡು ಬಂದರೆ ಏನೂ ಇಲ್ಲದವಳು ಚಿಂತೆಯಲ್ಲಿ ಸೊರಗುತ್ತಾಳೆ, ಸೋಂಕು ಇರುವವಳು ಮಜ್ಜಿಗೆ ಕುಡಿದು ಸುಮ್ಮನಾಗುತ್ತಾಳೆ. ಹಾಗೆಂದು ‘ಯೋನಿಸ್ರಾವ’ ಎಂದು ಆರಂಭಿಸಿದರೆ ಅತ್ತೆ ಅಡುಗೆಮನೆಯಿಂದ ಇಣುಕಿ ನೋಡುತ್ತಾಳೆ, ಸೊಸೆ ‘ಏನಿಲ್ಲಕ್ಕ, ಎಲ್ಲ ಸರಿಯಾಗಿದೆ’ ಎಂದು ಮಾತು ಮುಗಿಸುತ್ತಾಳೆ.

ಆದ್ದರಿಂದ ನಾನು ಕೈಪಿಡಿಯಲ್ಲಿ ಸದ್ಯಕ್ಕೆ ಮಾಡಿರುವ ಏರ್ಪಾಡು ಹೀಗಿದೆ: ಮಾತು ತೆಗೆಯುವುದು ಮನೆಯ ಪದದಿಂದ, ಮಾತು ಗಟ್ಟಿ ಮಾಡಿಕೊಳ್ಳುವುದು ದೇಹದ ಪದದಿಂದ. ‘ನಿಮ್ಮ ಕಡೆ ಇದಕ್ಕೆ ಏನಂತಾರೆ ಅವ್ವ?’ ಎಂದು ಕೇಳಿ, ಅವರ ಬಾಯಿಂದ ಬಂದ ಪದವನ್ನೇ ಹಿಡಿದು ಬಣ್ಣ, ವಾಸನೆ, ತುರಿಕೆ, ಕಿಬ್ಬೊಟ್ಟೆಯ ನೋವುಗಳನ್ನು ಒಂದೊಂದಾಗಿ ಕೇಳಿದ ಮೇಲೆ, ‘ಇದು ಯೋನಿಯಿಂದ ಬರುವುದು, ಮೂತ್ರದ ದಾರಿಯಿಂದಲ್ಲ’ ಎಂದು ಸ್ಪಷ್ಟಪಡಿಸಬೇಕು. ಈ ಕೊನೆಯ ವಾಕ್ಯವನ್ನು ಬಿಡುವಂತಿಲ್ಲ, ಏಕೆಂದರೆ ‘ಒಂದಕ್ಕೆ ಹೋಗುವ ಜಾಗ’, ‘ಕೆಳಗೆ’ ಎಂಬ ಮುಸುಕಿನ ಮಾತುಗಳಲ್ಲಿ ಎರಡು ದ್ವಾರಗಳು ಒಂದಾಗಿ, ಉರಿಮೂತ್ರವೂ ಯೋನಿಯ ಉರಿಯೂ ಬೆರೆತುಹೋಗುತ್ತವೆ. ತರಬೇತಿಯಲ್ಲಿ ಕಾರ್ಯಕರ್ತೆಯರೇ ತಮಗೆ ಗೊತ್ತಿರುವ ಪದಗಳನ್ನೆಲ್ಲ, ಬೈಗುಳಗಳನ್ನೂ ಸೇರಿಸಿ, ಹಲಗೆಯ ಮೇಲೆ ಬರೆದು ಗಟ್ಟಿಯಾಗಿ ಓದುವ ಒಂದು ಅಭ್ಯಾಸವಿದೆ. ಮೊದಲ ಹತ್ತು ನಿಮಿಷ ಸೆರಗು ಬಾಯಿಗೆ ಬರುತ್ತದೆ (ಈ ಸೆರಗು ಸೀರೆಯದೇ), ಆಮೇಲೆ ಪದಗಳ ಬಿಸಿ ತಾನಾಗಿ ಆರುತ್ತದೆ.

‘ಸಂಪರ್ಕ’ದ ವಿಷಯವನ್ನು ಬೇಗ ಮುಗಿಸುತ್ತೇನೆ. ಗಂಡ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದ ಹೆಂಗಸನ್ನು ಕಾರ್ಯಕರ್ತೆ ನಮೂನೆಯಲ್ಲಿದ್ದಂತೆ ‘ಗಂಡನ ಜೊತೆ ಸಂಪರ್ಕ ಇದೆಯಾ?’ ಎಂದು ಕೇಳಿದ್ದಾರೆ. ‘ಐತ್ರೀ, ದಿನಾ ರಾತ್ರಿ ಫೋನ್ ಮಾಡ್ತಾರ’ ಎಂಬ ಉತ್ತರ ಬಂದಿದೆ. ನಮೂನೆಯಲ್ಲಿ ‘ಹೌದು’ ಎಂಬುದಕ್ಕೆ ಗುರುತು ಬಿದ್ದದ್ದೂ ಆಗಿದೆ. ‘ಸಂಸಾರ ಮಾಡುವುದು’ ಎಂದರೆ ಮದುವೆಯಾದವರಿಗಷ್ಟೇ ಸಲ್ಲುತ್ತದೆ. ‘ಕೂಡುವುದು’, ‘ಸೇರುವುದು’ ಎಂಬವು ಸರಳವಾಗಿವೆ, ಯಾರ ಮೇಲೂ ತೀರ್ಪು ಕೊಡುವುದಿಲ್ಲ. ನನ್ನ ಒಲವು ‘ಕೂಡುವುದು’ ಎಂಬುದರ ಕಡೆಗಿದೆ. ಮುಟ್ಟಿನ ವಿಷಯದಲ್ಲಿ ಪೇಟೆಯ ಕಡೆ ಬಳಕೆಗೆ ಬಂದಿರುವ ‘ಡೇಟ್’ ಕೂಡ ಇಂತಹದೇ ಪೇಚು: ‘ಡೇಟ್ ಆಗಿದೆ’ ಎಂದರೆ ಮುಟ್ಟಾಗಿದೆ, ‘ಡೇಟ್ ಕೊಟ್ಟಿದ್ದಾರೆ’ ಎಂದರೆ ಹೆರಿಗೆಯ ದಿನ ಹೇಳಿದ್ದಾರೆ. ಉತ್ತರ ಕರ್ನಾಟಕದ ‘ಕಡಿಗೆ ಆಗುವುದು’, ದಕ್ಷಿಣದ ‘ಹೊರಗಾಗುವುದು’ ಎರಡರಲ್ಲೂ ಹೆಣ್ಣನ್ನು ಮನೆಯಿಂದ ಆಚೆ ಕೂರಿಸಿದ ಪದ್ಧತಿಯೇ ಹೆಸರಾಗಿದೆ. ಅವುಗಳನ್ನು ಕೇಳಿಸಿಕೊಳ್ಳುವ ಪದಗಳಾಗಿ ಉಳಿಸಿಕೊಂಡು, ನಾವು ಹೇಳುವಾಗ ‘ಮುಟ್ಟು’ ಎನ್ನುವುದು ಮೇಲು ಎಂದು ನನ್ನ ಎಣಿಕೆ.

ಕರಾವಳಿಯ ಒಂದು ಅನುಭವವನ್ನು ಸೇರಿಸಬೇಕು. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಆಡುವ ಹೆಂಗಸರಿಗೆ ‘ಯೋನಿ’ ಎಂಬ ಕನ್ನಡ ಪದ ಅಷ್ಟು ಕಷ್ಟವೆನಿಸುವುದಿಲ್ಲವಂತೆ, ಏಕೆಂದರೆ ಅದು ಶಾಲೆಯ ಭಾಷೆಯ ಪದ. ಉಳಿದ ಕಡೆ ಕನ್ನಡಿಗರು ‘ಪ್ರೈವೇಟ್ ಪಾರ್ಟ್’, ‘ಪೀರಿಯಡ್ಸ್’ ಎಂಬವುಗಳ ಮೊರೆ ಹೋಗುವುದೂ ಇದೇ ಕಾರಣಕ್ಕೆ. ನಾಚಿಕೆ ಅರ್ಥಕ್ಕೆ ಅಂಟಿರುವುದಿಲ್ಲ, ಆ ಪದವನ್ನು ಮೊದಲು ಎಲ್ಲಿ, ಯಾರ ಗದರಿಕೆಯೊಂದಿಗೆ ಕೇಳಿದೆವೋ ಅದಕ್ಕೆ ಅಂಟಿರುತ್ತದೆ. ಸರ್ಕಾರ ಇದನ್ನು ತನ್ನದೇ ರೀತಿಯಲ್ಲಿ ಅರಿತಂತಿದೆ: 1968ರಲ್ಲಿ ಹಂಚತೊಡಗಿದ ಕಾಂಡೋಮಿಗೆ ‘ನಿರೋಧ್’ ಎಂಬ ಸಂಸ್ಕೃತದ ಹೆಸರಿಟ್ಟಿತು, ಕ್ರಮೇಣ ಅದೇ ವಸ್ತುವಿನ ಹೆಸರಾಯಿತು. ಲೈಂಗಿಕವಾಗಿ ಹರಡುವ ಸೋಂಕುಗಳಿಗೆ ಚಿಕಿತ್ಸೆ ಕೊಡುವ ಸರ್ಕಾರಿ ‘ಸುರಕ್ಷಾ ಕ್ಲಿನಿಕ್‌’ಗಳಲ್ಲಿ ಔಷಧಿಗಳು 1ರಿಂದ 7ರವರೆಗಿನ ಬಣ್ಣದ ಪೊಟ್ಟಣಗಳಲ್ಲಿ ಬರುತ್ತವೆ. ‘ಬೂದು ಕಿಟ್’, ‘ಹಸಿರು ಕಿಟ್’ ಎಂದರೆ ಸಿಬ್ಬಂದಿಯ ಮಟ್ಟಿಗೆ ರೋಗದ ಹೆಸರೆತ್ತುವ ಅಗತ್ಯವೇ ಬೀಳುವುದಿಲ್ಲ. ಆದರೆ ‘ಈ ಮಾತ್ರೆಯನ್ನು ನಿಮ್ಮ ಯಜಮಾನರೂ ನುಂಗಬೇಕು’ ಎಂದು ಹೇಳುವ ಹೊತ್ತಿಗೆ ಬಣ್ಣ ಕೈಕೊಡುತ್ತದೆ, ಏಕೆ ಎಂದು ಹೇಳಲು ಪದ ಬೇಕೇ ಬೇಕು.

ಎಚ್‌ಐವಿ ಕುರಿತು ‘ಪೀಡಿತ’ ಎಂಬುದನ್ನು ಕೈಬಿಟ್ಟಿದ್ದೇನೆ. ‘ಎಚ್‌ಐವಿಯೊಂದಿಗೆ ಬದುಕುತ್ತಿರುವವರು’ ಎಂಬುದು ಸಭ್ಯವಾಗಿದ್ದರೂ ಅನುವಾದದ ನಡಿಗೆಯದು. ‘ಎಚ್‌ಐವಿ ಇರುವವರು’ ಸಾಲದೇ? ‘ಆಪ್ತ ಸಮಾಲೋಚಕ’ ಎಂಬ ಪದದಲ್ಲಿ ‘ಆಪ್ತ’ವನ್ನು ಮುಂದೆ ಸೇರಿಸಿದವರು ಯಾರೋ, ಅವರಿಗೆ ನಾನು ಋಣಿ, ಇಂಗ್ಲಿಷಿನ ‘ಕೌನ್ಸೆಲರ್’ ಪದದಲ್ಲಿ ಇಲ್ಲದ ಒಂದು ಭರವಸೆ ಅದರಿಂದ ಬಂದಿದೆ.

ನನ್ನ ಕೋರಿಕೆ ಇಷ್ಟು. ‘ಬಿಳಿ ಸೆರಗು’ ಎಂಬ ಬಳಕೆಯನ್ನು ಹಳೆಯ ವೈದ್ಯಗ್ರಂಥಗಳಲ್ಲಾಗಲಿ ಜನಪದ ಹಾಡುಗಳಲ್ಲಾಗಲಿ ಕಂಡವರಿದ್ದರೆ ಆ ಸಾಲನ್ನು ತಿಳಿಸಬೇಕು. ‘ಗುಪ್ತರೋಗ’ಕ್ಕೆ ಬದಲಾಗಿ ನಾನು ಬಳಸಿರುವ ‘ಕೂಡಿದಾಗ ಅಂಟುವ ಸೋಂಕು’ ನಿಮ್ಮ ಊರಿನಲ್ಲಿ ಯಾರಿಗಾದರೂ ಅಸಹ್ಯವಾಗಿ ಕೇಳಿಸುತ್ತದೆಯೇ? ಸೇವೆ ಪಡೆಯುವವರಿಗೆ ಗ್ರಾಹಕ, ಫಲಾನುಭವಿ, ರೋಗಿ ಎಂಬ ಮೂರನ್ನೂ ಬಿಟ್ಟು ಒಂದು ಪದ ಬೇಕು. ನಿಮ್ಮ ಕಡೆಯ ಪದಗಳನ್ನು ಕಳಿಸುವಾಗ ಊರಿನ ಜೊತೆಗೆ, ಅದನ್ನು ಯಾರು ಯಾರ ಮುಂದೆ ಆಡುತ್ತಾರೆ ಎಂಬುದನ್ನೂ ದಯವಿಟ್ಟು ಬರೆಯಿರಿ. ಓರಗಿತ್ತಿಯರು ತಮ್ಮೊಳಗೆ ಆಡುವ ಪದ ಬೇರೆ, ಅವರೇ ಡಾಕ್ಟರ ಮೇಜಿನ ಮುಂದೆ ನಿಂತು ಹೇಳುವ ಪದ ಬೇರೆ ಎಂಬುದು ಕರಡು ಓದಿದ ಎರಡೂ ಕಡೆ ನನಗೆ ಕಂಡುಬಂದಿದೆ.