ಹತ್ತಿ ಎಲೆಯ ದಾರದ ಮೊಟ್ಟೆ: ಸಾಕಿದ ಹುಳುಗಳು ಒಂದೊಂದೇ ಮಾಯ, ಹಿಕ್ಕೆನೂ ಇಲ್ಲ

ಸಿಂಧನೂರು_ಮ್ಯಾಕ್ರೋ

ಎಲ್ಲರಿಗೂ ನಮಸ್ಕಾರ. ಸಿಂಧನೂರಿನ ಹತ್ತಿರ ನಮ್ಮ ಮಾವನವರ ಹತ್ತಿ ಹೊಲ ಇದೆ. ಮೊಬೈಲಿಗೆ ಸಣ್ಣ ಮ್ಯಾಕ್ರೋ ಲೆನ್ಸ್ ಸಿಕ್ಕಿಸಿಕೊಂಡು ಹುಳು-ಹುಪ್ಪಡಿ ಫೋಟೋ ತೆಗೆಯೋದು ನನ್ನ ಹುಚ್ಚು. ಹೋದ ವಾರ ಎಲೆಯ ಕೆಳಗೆ ಕೂದಲಿನಂಥ ಬಿಳಿ ದಾರಗಳು ಕಂಡವು. ಒಂದೊಂದು ದಾರದ ತುದಿಗೂ ಒಂದು ತಿಳಿಹಸಿರು ಮೊಟ್ಟೆ. ಮಾವ ಬೂಷ್ಟು ಅಂದರು, ನಾಳೆನೇ ಎಣ್ಣೆ ಹೊಡೆಯೋಣ ಅಂದರು. ನಾನು ನಾಲ್ಕೈದು ಎಲೆ ಕಿತ್ತು ತಂದು ಡಬ್ಬಿಗೆ ಹಾಕಿದೆ.

14 ಮೊಟ್ಟೆ ಇದ್ದವು. ಮೂರು ದಿನದಲ್ಲಿ ಎಲ್ಲವೂ ಒಡೆದವು. ಪುಟ್ಟ ಮೊಸಳೆಯಂಥ ಮರಿಗಳು. ಇವತ್ತು ಎಣಿಸಿದರೆ ಐದೇ ಇವೆ. ಸತ್ತವು ಕಾಣಿಸುತ್ತಿಲ್ಲ, ಅಲ್ಲಲ್ಲಿ ಮುದುಡಿದ ಸಿಪ್ಪೆ ಅಷ್ಟೇ. ಡಬ್ಬಿಯಲ್ಲಿ ಒಂದು ಕಾಳು ಹಿಕ್ಕೆ ಕೂಡ ಇಲ್ಲ. ಕಾಯಿಲೆ ಇರಬಹುದಾ? ನಿನ್ನೆ ಹೊಲದಿಂದ ಇನ್ನೊಂದನ್ನು ತಂದು ಬಿಟ್ಟೆ, ಅದು ಬೆನ್ನ ಮೇಲೆ ಕಸದ ಮೂಟೆ ಹೊತ್ತುಕೊಂಡೇ ಓಡಾಡುತ್ತಿದೆ. ಆ್ಯಪ್‌ನಲ್ಲಿ ಹಾಕಿದರೆ ಎರಡಕ್ಕೂ ಕ್ರೈಸೋಪರ್ಲಾ ಕಾರ್ನಿಯಾ ಅಂತ ಬರುತ್ತೆ. ಫೋಟೋಗೆ ಯಾವ ಹೆಸರು ಬರೆಯಲಿ?

ತುಂಗಭದ್ರಾ_ತೋಟ

ಎಲೆ ಬಾಡಿರಬೇಕು, ಹಸಿವಿಗೆ ಸತ್ತಿವೆ. ದಿನಾ ಎಳೇ ಹತ್ತಿ ಎಲೆ ಹಾಕಿ ನೋಡಿ.

ಸಿಂಧನೂರು_ಮ್ಯಾಕ್ರೋ

ದಿನಾ ಹಾಕ್ತಾನೇ ಇದ್ದೀನಿ ಸರ್. ಮುಟ್ಟಿಯೂ ನೋಡುತ್ತಿಲ್ಲ.

ರಾಯಚೂರು_ಕೀಟಕಣ್ಣು

ಎಲೆ ಹಾಕೋದು ಬಿಡಿ, ಅವು ಅಪ್ಪಟ ಮಾಂಸಾಹಾರಿ. ನಿಮ್ಮ ಹುಳುಗಳಿಗೆ ಕಾಯಿಲೆ ಇಲ್ಲ. ಒಂದನ್ನೊಂದು ತಿನ್ನುತ್ತಿವೆ, ಅಷ್ಟೇ.

ಇವು ಹಸಿರು ಜಾಲರೆಕ್ಕೆ ಕೀಟದ ಮರಿಗಳು. ಗಿಡದ ರಸ ಹೀರುವ ಹೇನು, ಬಿಳಿನೊಣ, ಹಿಟ್ಟು ತಿಗಣೆ, ಸಣ್ಣ ಹುಳುಗಳ ಮೊಟ್ಟೆ, ಸಿಕ್ಕಿದ್ದೆಲ್ಲ ನಡೆಯುತ್ತೆ. ಸಿಗದಿದ್ದರೆ ಅಣ್ಣ-ತಮ್ಮ ಅಂತ ನೋಡಲ್ಲ. ಲೆನ್ಸಿನಲ್ಲಿ ಬಾಯಿ ನೋಡಿ. ಕುಡುಗೋಲಿನಂಥ ಎರಡು ದವಡೆ. ಒಂದೊಂದೂ ಎರಡು ತುಂಡು ಸೇರಿ ಆದದ್ದು, ನಡುವೆ ಕೊಳವೆ. ಬೇಟೆಗೆ ಚುಚ್ಚಿ, ಒಳಗಿದ್ದದ್ದನ್ನು ಕರಗಿಸಿ, ಎಳನೀರಿನ ಹಾಗೆ ಹೀರುತ್ತವೆ. ಅದಕ್ಕೇ ನಿಮಗೆ ಹೆಣ ಸಿಗದೆ ಸಿಪ್ಪೆ ಸಿಕ್ಕಿದ್ದು. ಆದರೆ ಎಲ್ಲ ಸಿಪ್ಪೆಯೂ ಕೊಲೆಯ ಗುರುತಲ್ಲ. ಗೂಡು ಕಟ್ಟುವ ಮುಂಚೆ ಇವು ಎರಡು ಸಲ ಪೊರೆ ಬಿಡುತ್ತವೆ.

ಮೊಟ್ಟೆಗೆ ದಾರ ಇರೋದೂ ಇದೇ ಕಾರಣಕ್ಕೆ. ತಾಯಿ ಎಲೆಗೆ ಒಂದು ಹನಿ ಅಂಟಿಸಿ ಹೊಟ್ಟೆಯನ್ನು ಮೇಲಕ್ಕೆ ಎಳೆಯುತ್ತಾಳೆ. ಹನಿ ದಾರವಾಗಿ ಗಟ್ಟಿಯಾಗುತ್ತೆ, ತುದಿಗೆ ಮೊಟ್ಟೆ. ಇರುವೆಗೂ ಸಿಗಬಾರದು, ಮೊದಲು ಹೊರಬಂದ ಅಣ್ಣನ ಬಾಯಿಗೂ ಬೀಳಬಾರದು. ನೀವು ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿ ಆ ಕಷ್ಟವನ್ನೆಲ್ಲ ನೀರಲ್ಲಿ ಹೋಮ ಮಾಡಿದಿರಿ :)

ಇವತ್ತೇ ಒಂದೊಂದನ್ನು ಬೇರೆ ಮಾಡಿ. ಮಾತ್ರೆ ಡಬ್ಬಿಯ ಮುಚ್ಚಳವಾದರೂ ಸಾಕು, ಮೇಲೆ ತೆಳು ಬಟ್ಟೆ ಕಟ್ಟಿ. ದಿನಾ ಹೇನು ತುಂಬಿದ ಚಿಗುರು ಕೊಡಿ. ಪ್ರಯೋಗಾಲಯಗಳಲ್ಲಿ ಅಕ್ಕಿ ಪತಂಗದ ಮೊಟ್ಟೆ ಕೊಟ್ಟು ಸಾಕುತ್ತಾರೆ. ಹಳೇ ಅಕ್ಕಿ, ಜೋಳದಲ್ಲಿ ಬಲೆ ಕಟ್ಟಿ ಕಾಳು ಗಂಟುಗಂಟಾಗಿಸುತ್ತಲ್ಲ, ಆ ಹುಳುವಿನ ಪತಂಗ. ಮನೆಯಲ್ಲಿ ಅದನ್ನು ಸಾಕೋಕೆ ಹೋಗಬೇಡಿ. ನಾನು ಹೋಗಿ ಬೈಸಿಕೊಂಡಿದ್ದೇನೆ.

ಇನ್ನು ಹಿಕ್ಕೆ. ಈ ಮರಿಗಳ ಹೊಟ್ಟೆಗೂ ಹಿಂದಿನ ಕರುಳಿಗೂ ದಾರಿಯೇ ಇರಲ್ಲ, ಮುಚ್ಚಿರುತ್ತೆ. ಮೊಟ್ಟೆಯಿಂದ ಬಂದಾಗಿನಿಂದ ರೆಕ್ಕೆ ಬರುವ ತನಕ ಗಟ್ಟಿ ಕಸವೆಲ್ಲ ಒಳಗೇ ಕೂಡಿರುತ್ತೆ. ಆದರೆ ಗೂಡು ಕಟ್ಟುವ ರೇಷ್ಮೆ ಮಾತ್ರ ಹಿಂಬದಿಯಿಂದಲೇ ಬರುತ್ತೆ! ರೇಷ್ಮೆಹುಳು ಬಾಯಿಂದ ನೂತರೆ ಇದು ಉಲ್ಟಾ.

ಹೆಸರಿನ ವಿಷಯಕ್ಕೆ ಬರೋಣ. ಆ್ಯಪ್‌ ಎರಡು ಬೇರೆ ಹುಳುಗಳಿಗೆ ಒಂದೇ ಹೆಸರು ಕೊಟ್ಟಿದೆ. ಎರಡೂ ನ್ಯೂರಾಪ್ಟೆರಾ ಗಣದ ಕ್ರೈಸೋಪಿಡೆ ಕುಟುಂಬದವು, ಅಲ್ಲಿಯವರೆಗೆ ಸರಿ. ಬೆನ್ನು ಬೋಳಾಗಿರೋದು ಕ್ರೈಸೋಪರ್ಲಾ ಇರಬೇಕು. ಕಸ ಹೊತ್ತಿರೋದು ಬೇರೆ ಕುಲ. ಅದರ ಬೆನ್ನ ಮೇಲೆ ಕೊಕ್ಕೆಯಂಥ ಕೂದಲಿರುತ್ತವೆ. ತಾನು ಹೀರಿದ ಹೇನಿನ ಸಿಪ್ಪೆ, ಮೇಣ, ಎಲೆಯ ಚೂರು ಎಲ್ಲ ಅದಕ್ಕೆ ಸಿಕ್ಕಿಸಿಕೊಳ್ಳುತ್ತೆ. ಇರುವೆ ಬಂದರೆ ಕಸಕ್ಕೆ ಕಚ್ಚಬೇಕು, ಇದಕ್ಕಲ್ಲ. ನಮ್ಮಲ್ಲಿ ಇಂಥವನ್ನು ಜಾಸ್ತಿ ಮಲ್ಲಾಡಾ ಅಂತ ಬರೆದಿರುತ್ತಾರೆ. ಮರಿ ನೋಡಿ ಅದಕ್ಕಿಂತ ಮುಂದೆ ಹೋಗಬೇಡಿ.

ಕಾರ್ನಿಯಾ ಅನ್ನೋದು 1836ರಲ್ಲಿ ಸ್ಟೀಫನ್ಸ್ ಇಟ್ಟ ಹೆಸರು. ಆಮೇಲೆ ಯುರೋಪಿನಿಂದ ಭಾರತದ ತನಕ ನೋಡೋಕೆ ಹಾಗೇ ಇರುವ ಎಲ್ಲದಕ್ಕೂ ಅದೇ ಹೆಸರು ಹಚ್ಚಿದರು. ಬಣ್ಣ, ರೆಕ್ಕೆ ನೋಡಿದರೆ ವ್ಯತ್ಯಾಸ ಸಿಗೋದೇ ಕಷ್ಟ. ಗುಟ್ಟು ಇರೋದು ಹಾಡಿನಲ್ಲಿ. ಗಂಡು-ಹೆಣ್ಣು ಎಲೆಯ ಮೇಲೆ ಕೂತು ಹೊಟ್ಟೆ ನಡುಗಿಸುತ್ತವೆ. ಆ ನಡುಕ ಎಲೆಯಲ್ಲಿ ಹರಿದು ಇನ್ನೊಂದರ ಕಾಲಿಗೆ ಮುಟ್ಟುತ್ತೆ. ನಮ್ಮ ಕಿವಿಗೆ ಏನೂ ಇಲ್ಲ. ತಾಳ ಕೂಡಿದರೆ ಮಾತ್ರ ಜೋಡಿ. ಹೀಗೆ ಹಾಡು ಅಳೆದು, 2010ರಲ್ಲಿ ನಮ್ಮ ಬೆಳೆಗಳಲ್ಲಿ ಜಾಸ್ತಿ ಸಿಗೋದು ಕ್ರೈಸೋಪರ್ಲಾ ಝಸ್ಟ್ರೋವಿ, ಅದರ ಉಪಜಾತಿ ಸಿಲ್ಲೆಮಿ ಅಂತ ತೋರಿಸಿದರು. ಹಳೇ ಕೃಷಿ ಪುಸ್ತಕಗಳಲ್ಲಿ ಕಾರ್ನಿಯಾ ಅಂತಲೇ ಇರುತ್ತೆ, ಗೊಂದಲ ಬೇಡ.

ಕೊಪ್ಪಳ_ದಾಳಿಂಬೆ

ಮಧ್ಯೆ ಒಂದು ಮಾತು. ಕೊರಿಯಾ, ಚೀನಾದಲ್ಲಿ ಬುದ್ಧನ ವಿಗ್ರಹದ ಮೇಲೆ ಇದೇ ದಾರದ ಮೊಟ್ಟೆ ಕಂಡು, ಮೂರು ಸಾವಿರ ವರ್ಷಕ್ಕೊಮ್ಮೆ ಅರಳುವ ಉದುಂಬರ ಹೂ ಅಂತ ಜನ ಕೈ ಮುಗಿದಿದ್ದಾರೆ. ಉದುಂಬರ ಅಂದರೆ ನಮ್ಮ ಅತ್ತಿ. ಅವರಿಗೆ ಅತ್ತಿ ಹೂ, ನಿಮ್ಮ ಮಾವನಿಗೆ ಹತ್ತಿ ಬೂಷ್ಟು!

ಸಿಂಧನೂರು_ಮ್ಯಾಕ್ರೋ

ಹನ್ನೆರಡು ದಿನ ಆಯ್ತು, ಸುದ್ದಿ ಹೇಳೋಣ ಅಂತ ಬಂದೆ. ಬೇರೆ ಮಾಡಿದ ಮೇಲೆ ಒಂದೂ ಸಾಯಲಿಲ್ಲ. ಕಸದ ಹುಳುವನ್ನು ಮೊದಲೇ ಹೊಲಕ್ಕೆ ಬಿಟ್ಟುಬಂದೆ. ಐದೂ ಮೆಣಸಿನ ಕಾಳಿನಷ್ಟು ಬಿಳಿ ಗೂಡು ಕಟ್ಟಿದವು. ಮೊನ್ನೆ ರಾತ್ರಿ ಒಂದರ ತುದಿ ದುಂಡಗೆ ಮುಚ್ಚಳದ ಹಾಗೆ ಕತ್ತರಿಸಿಕೊಂಡಿತು. ಹೊರಬಂದದ್ದಕ್ಕೆ ರೆಕ್ಕೆನೇ ಇರಲಿಲ್ಲ! ಗಾಬರಿಯಾದೆ. ಅದು ಕಡ್ಡಿ ಹತ್ತಿ, ಇನ್ನೊಂದು ಪೊರೆ ಕಳಚಿ, ಸುಕ್ಕಾದ ರೆಕ್ಕೆಯನ್ನು ನಿಧಾನಕ್ಕೆ ಬಿಡಿಸಿತು. ಆಮೇಲೆ ನೀವು ಹೇಳಿದ ಹಾಗೆ ಒಂದೇ ಒಂದು ಕರಿ ಉಂಡೆ ಹಾಕಿತು. ಫೋಟೋ ಇದೆ.

ಈಗ ಇದಕ್ಕೂ ಹೇನು ಕೊಡಬೇಕಾ?

ರಾಯಚೂರು_ಕೀಟಕಣ್ಣು

ಬೇಡ. ಕ್ರೈಸೋಪರ್ಲಾ ದೊಡ್ಡದಾದ ಮೇಲೆ ಬೇಟೆ ಬಿಡುತ್ತೆ. ಮಕರಂದ, ಪರಾಗ, ಹೇನಿನ ಸಿಹಿ ಅಂಟು, ಅಷ್ಟೇ. ಜೇನುತುಪ್ಪ ಕಲಸಿದ ನೀರಲ್ಲಿ ಹತ್ತಿ ಅದ್ದಿ ಇಡಿ. ಇದರ ನೆಂಟರಾದ ಕ್ರೈಸೋಪಾ ಮಾತ್ರ ರೆಕ್ಕೆ ಬಂದ ಮೇಲೂ ಬೇಟೆಯಾಡುತ್ತವೆ. ಬೆನ್ನುದ್ದಕ್ಕೂ ತಿಳಿಹಳದಿ ಗೆರೆ ಇದೆಯಾ ನೋಡಿ. ಇದ್ದರೆ ಫೋಟೋ ಕೆಳಗೆ 'ಕ್ರೈಸೋಪರ್ಲಾ, ಬಹುಶಃ ಝಸ್ಟ್ರೋವಿ ಸಿಲ್ಲೆಮಿ' ಅಂತ ಬರೆಯಿರಿ. 'ಬಹುಶಃ' ಬಿಡಬೇಡಿ, ಹಾಡು ಕೇಳಿಲ್ಲ ನಾವು.

ಸಿಂಧನೂರು_ಮ್ಯಾಕ್ರೋ

ಗೆರೆ ಇದೆ ಸರ್! ಮಾವನಿಗೂ ತೋರಿಸಿದೆ. ಲೆನ್ಸಿನಲ್ಲಿ ಬಂಗಾರದ ಕಣ್ಣು ನೋಡಿ, 'ಇದು ದಿನಾ ರಾತ್ರಿ ಪಡಸಾಲೆ ಬಲ್ಬಿಗೆ ಬರುತ್ತಲ್ಲೋ, ನಾನು ಟವೆಲ್ಲಿನಿಂದ ಹೊಡೀತಿದ್ದೆ' ಅಂದರು.